ಶುದ್ಧಲೇಖನವೂ ಕ್ರಿಯಾಸಂಶೋಧನೆಯೂ

‘ಕ್ರಿಯಾಸಂಶೋಧನೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಶಿಕ್ಷಕರಲ್ಲಿ ಅನೇಕರು, ಇದು ವಿಶ್ವವಿದ್ಯಾಲಯದ ಪಂಡಿತರ ಕಾರ್ಯವೆಂದು ಹಿಂಜರಿಯುವರು. ವಿಚಾರಿಸಿ ನೋಡಿದರೆ, ವರ್ಗದಲ್ಲಿ ನಿತ್ಯವೂ ನಿಲ್ಲುವ ಮಾಸ್ತರನಿಗಲ್ಲದೆ ಅನ್ಯರಿಗೆ ಇದು ಸಾಧ್ಯವಿಲ್ಲ. ತನ್ನ ಬೋಧನೆಯಲ್ಲಿ ತೋರಿದ ತೊಡಕನ್ನು ಗುರುತಿಸಿ, ಕಾರಣವನ್ನು ಊಹಿಸಿ, ಉಪಾಯವನ್ನು ಪ್ರಯೋಗಿಸಿ, ಫಲವನ್ನು ಪರೀಕ್ಷಿಸುವುದೇ ಇದರ ಸ್ವರೂಪವು. ಈ ಹೆಸರನ್ನು ಅಮೇರಿಕೆಯಲ್ಲಿ ಕುರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞನು 1946ರ ತನ್ನ ಲೇಖನದಿಂದ ಪ್ರಚುರಪಡಿಸಿದನು. ಸ್ಟೀಫನ್ ಕೋರಿಯು 1953ರಲ್ಲಿ ಗ್ರಂಥವನ್ನು ಬರೆದು ಅದನ್ನು ಶಾಲೆಗಳಿಗೆ ಅನ್ವಯಿಸಿದನು. ಅದಕ್ಕೂ ಮೊದಲೇ ಗುಜರಾತದ ಗಿಜುಭಾಯಿ ಬಧೇಕಾ ಅವರು 1932ರ ‘ದಿವಾಸ್ವಪ್ನ’ದಲ್ಲಿ, ವರ್ಗವನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡ ಶಿಕ್ಷಕನೊಬ್ಬನನ್ನು ಚಿತ್ರಿಸಿದ್ದರು.

ನಮ್ಮ ಸೀಮೆಯದೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಜಲನಗರದ ಹುಡುಗನಾಗಲಿ, ತಿಕೋಟಾ, ಬಬಲೇಶ್ವರಗಳ ಕಡೆಯ ಹುಡುಗಿಯಾಗಲಿ, ಮನೆಯಲ್ಲಿ ಆಡುವುದು ‘ಮನಿ’, ‘ಕೆರಿ’, ‘ತಲಿ’ ಎಂದೇ. ಶುದ್ಧಲೇಖನದಲ್ಲಿಯೂ ಹಾಗೆಯೇ ಬರೆದರೆ ‘ದಡ್ಡ’ನೆಂಬ ಬಿರುದು ದೊರೆಯುವುದು. ಆ ಬಿರುದನ್ನು ಹೊತ್ತ ಕೂಸು ಮೊದಲು ಪಾಟಿಯನ್ನೂ ತರುವಾಯ ಶಾಲೆಯನ್ನೂ ದ್ವೇಷಿಸತೊಡಗುವುದು.

ಪಾಠಶಾಲೆಯಲ್ಲಿ ‘ತರ್ಕಸಂಗ್ರಹ’ವನ್ನು ಓದುವಾಗ ನಾವು ಕಲಿತುದೇನೆಂದರೆ, ಹೊಗೆಯಿದ್ದಲ್ಲಿ ಬೆಂಕಿಯೆಂಬ ನಿಯಮವೂ ಪುನಃಪುನಃ ನೋಡಿದಲ್ಲದೆ ನಿಶ್ಚಯವಾಗದು, ಹೇತುವಿನಂತೆ ತೋರುವುದೆಲ್ಲವೂ ಹೇತುವಲ್ಲ. ಶೋಧಕನಾದ ಶಿಕ್ಷಕನು ತಪ್ಪುಗಳನ್ನು ಹಾಗೆಯೇ ನೋಡಬೇಕು. ‘ಕೆರಿ’ ಎಂದು ಬರೆದ ಕೂಸು ಮೊದಲಿನ ಎಕಾರವನ್ನು ಸರಿಯಾಗಿಯೇ ಬರೆದಿದೆ; ಕೊನೆಯ ಎಕಾರವು ಮಾತ್ರ ಇಕಾರವಾಗಿದೆ. ಅಂದಮೇಲೆ ಅಕ್ಷರಜ್ಞಾನವಿಲ್ಲವೆಂಬುದು ಹೇತ್ವಾಭಾಸವು. ಕಿವಿಯು ಕೇಳಿದುದನ್ನೇ ಕೈಯು ನಿಷ್ಠೆಯಿಂದ ಬರೆದಿದೆ.

ಕಾರಣವು ಬೇರೆಯಾದ ಬಳಿಕ ಉಪಾಯವೂ ಬೇರೆಯಾಗಬೇಕು. ‘ಆಡುವ ಮಾತು’, ‘ಬರೆಯುವ ಮಾತು’ ಎಂದು ಹಲಗೆಯ ಮೇಲೆ ಎರಡು ಪಟ್ಟಿಗಳನ್ನು ಮಕ್ಕಳಿಂದಲೇ ತುಂಬಿಸಬೇಕು. ಮೂರು ವಾರಗಳ ತರುವಾಯ ಮೊದಲಿನಷ್ಟೇ ಶಬ್ದಗಳನ್ನು ಹೇಳಿ ಬರೆಯಿಸಿ, ಹಿಂದಿನ ತಪ್ಪುಗಳೊಡನೆ ಹೋಲಿಸತಕ್ಕದ್ದು. ‘ಹಳ್ಳಿ’, ‘ಕುರಿ’ ಮೊದಲಾದ ಸಹಜ ಇಕಾರಾಂತ ಶಬ್ದಗಳೂ ಅದರಲ್ಲಿರಬೇಕು. ಇಲ್ಲವಾದರೆ ಕೂಸು ಅತಿಯಾಗಿ ತಿದ್ದಿಕೊಂಡು ‘ಹಳ್ಳೆ’, ‘ಕುರೆ’ ಎಂದು ಬರೆಯತೊಡಗಿದರೂ ಮಾಸ್ತರನಿಗೆ ತಿಳಿಯದು. ಹಾಗಾದಲ್ಲಿ ಉಪಾಯವನ್ನು ಬದಲಿಸಿ ಪುನಃ ಪರೀಕ್ಷಿಸಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು, ಶಿಕ್ಷಕನು ವರ್ಷಕ್ಕೆ 50 ತಾಸುಗಳಾದರೂ ವೃತ್ತಿವಿಕಾಸಕ್ಕೆ ಕೊಡಬೇಕೆಂದು ಅಪೇಕ್ಷಿಸುತ್ತದೆ. ತಾಸುಗಳನ್ನು ತುಂಬಿಸುವುದು ಸುಲಭ. ಸಫಲವಾಯಿತೆಂದು ವರದಿಯನ್ನು ಒಪ್ಪಿಸುವುದು ಇನ್ನೂ ಸುಲಭ. ಆದರೆ ಫಲಿಸದ ಉಪಾಯವನ್ನೂ ಇದ್ದುದಿದ್ದಂತೆ ಬರೆದಿಟ್ಟರೆ ಮುಂದಿನ ಮಾಸ್ತರನಿಗೆ ದಾರಿ ತಿಳಿಯುವುದು. ತರುಣ ಶಿಕ್ಷಕಬಂಧುಗಳು ಈ ವರ್ಷ ದೊಡ್ಡ ವಿಷಯವನ್ನು ಅರಸದೆ, ತಮ್ಮ ವರ್ಗದಲ್ಲಿ ‘ದಡ್ಡ’ನೆನಿಸಿಕೊಂಡ ಒಂದು ಕೂಸಿನ ಪಾಟಿಯನ್ನು ತೆಗೆದುಕೊಂಡು ತಪ್ಪುಗಳನ್ನು ಎಣಿಸಲು ತೊಡಗಲಿ ಎಂದು ನನ್ನ ವಿಜ್ಞಾಪನೆ.