ಚಿಕ್ಕಮ್ಮ ಇಪ್ಪ ಜಾಗೆ

ಎನ್ನ ಚಿಕ್ಕಮ್ಮ ಬೆಂಗ್ಳೂರಿಲ್ಲಿ ಹಿರಿಯರಿಂಗೇ ಹೇಳಿ ಕಟ್ಟಿದ ಒಂದು ಅಪಾರ್ಟ್‌ಮೆಂಟಿಂಗೆ ಹೋಗಿ ಎರಡು ವರ್ಷ ಆತು. ಚಿಕ್ಕಪ್ಪ ತೀರಿ ಹೋದ ಮೇಲೆ ತೋಟ ಕೊಟ್ಟು, ಅವರ ಇಷ್ಟಲ್ಲೇ ಹೋದ್ದು. “ವೃದ್ಧಾಶ್ರಮ ಅಲ್ಲ ಕೂಸೇ, ಪೈಸೆ ಕೊಟ್ಟು ತೆಕ್ಕೊಂಡ ಮನೆ” ಹೇಳಿದ್ದವು.

ವಾಟ್ಸಾಪಿಲ್ಲಿ ಪಟ ಕಳ್ಸುತ್ತವು. ಯೋಗ, ಭಜನೆ, ದೀಪಾವಳಿ. ಎಲ್ಲದರಲ್ಲಿಯೂ ನೆಗೆ. ಆನು ಒಂದು ಹೆಬ್ಬೆಟ್ಟಿನ ಚಿತ್ರ ಒತ್ತಿ ಬಿಡುದು.

ಮೊನ್ನೆ ಮಗಳು ಎರಡು ಡಾಕ್ಯುಮೆಂಟರಿ ತೋರ್ಸಿತ್ತು. ಒಂದು 2020ರ ‘ಸಮ್ ಕೈಂಡ್ ಆಫ್ ಹೆವನ್’. ಅಮೇರಿಕದ ಫ್ಲೋರಿಡಾಲ್ಲಿ ‘ದ ವಿಲೇಜಸ್’ ಹೇಳ್ತ ಊರಿದ್ದು. ಲಕ್ಷಂದ ಮೇಲೆ ಜೆನ, ಹೆಚ್ಚಿನವು 55 ದಾಂಟಿದವು. ಗೋಲ್ಫ್ ಕಾರ್ಟಿಲ್ಲಿ ಸಾಲಾಗಿ ಹೋಪದು, ಡ್ಯಾನ್ಸು, ಈಜುದು. ಇದೇ ಸ್ವರ್ಗ ಹೇಳಿ ಕಂಡತ್ತು ಎನಗೆ. ಆದರೆ ರಜ್ಜ ಕಳುದಪ್ಪಗ ಕೆಮರ ಬೋಸ್ಟನಿಂದ ಬಂದ ಒಬ್ಬ ಹೆಮ್ಮಕ್ಕಳ ಹತ್ರೆ ನಿಂದತ್ತು. ಗೆಂಡ ತೀರಿ ಹೋಯಿದವು, ಪೈಸೆ ಸಾಲದ್ದೆ ಈಗಳೂ ಕೆಲಸಕ್ಕೆ ಹೋವುತ್ತವು. ಮನಸ್ಸು ಊರಿಲ್ಲೇ ಇದ್ದು. 80 ದಾಂಟಿದ ಅಜ್ಜ ಒಬ್ಬ ವ್ಯಾನಿಲ್ಲೇ ವಾಸ.

ಇನ್ನೊಂದು ಚಿಲಿ ದೇಶದ ‘ದ ಮೋಲ್ ಏಜೆಂಟ್’. ಮೈಟೆ ಆಲ್ಬರ್ಡಿ ಮಾಡಿದ್ದು, 2021ರಲ್ಲಿ ಆಸ್ಕರಿಂಗೆ ನಾಮಿನೇಟ್ ಆಗಿತ್ತು. ವೃದ್ಧಾಶ್ರಮಲ್ಲಿ ಅಬ್ಬೆಗೆ ಉಪದ್ರ ಕೊಡ್ತವೋ ಹೇಳಿ ಮಗಳಿಂಗೆ ಸಂಶಯ. ಪತ್ತೆ ಮಾಡ್ಲೆ 83 ವರ್ಷದ ಅಜ್ಜನ ಒಳ ಕಳ್ಸುತ್ತವು, ಕನ್ನಡ್ಕಲ್ಲಿ ಗುಟ್ಟಿನ ಕೆಮರ ಮಡಗಿ. ಅಜ್ಜಂಗೆ ಸಿಕ್ಕಿದ ಸತ್ಯ ಬೇರೆ. ಅಲ್ಯಾಣ ದೊಡ್ಡ ದುಃಖ, ಮನೆಯವು ಆರೂ ಬಾರದ್ದು.

ಅಂಬಗ ಎನಗೆ ಹೆಬ್ಬೆಟ್ಟು ನೆಂಪಾತು.

ಕಸ್ತಲಪ್ಪಗ ಚಿಕ್ಕಮ್ಮಂಗೆ ಫೋನು ಮಾಡಿದೆ. ಯೇವಗಳೂ “ಊಟ ಆತೋ, ಚಳಿ ಇದ್ದೋ” ಹೇಳಿ ಮಡಗುದು. ಈ ಸರ್ತಿ “ಹೊತ್ತೋಪಗ ಎಂತ ಮಾಡ್ತಿ ಚಿಕ್ಕಮ್ಮ?” ಕೇಳಿದೆ. ರಜ್ಜ ಹೊತ್ತು ಮಾತಿಲ್ಲೆ.

“ಐದು ಗಂಟೆಗೆ ಗೇಟಿನ ಹತ್ರಾಣ ಬೆಂಚಿಲ್ಲಿ ಕೂರ್ತೆಯೊ°. ಆರ ಮನೆಗೆ ಆರು ಬತ್ತವು ಹೇಳಿ ನೋಡುದು. ಸಾಮಾನು ತಪ್ಪ ಮಾಣಿ ಬಂದರೂ ಎಂಗೊ ಎಲ್ಲ ಕೊರಳು ಉದ್ದ ಮಾಡ್ತೆಯೊ°.”

“ಅಂಬಗ ಪಟಲ್ಲಿ ನೆಗೆ ಮಾಡುದು ಲೊಟ್ಟೆಯೋ?”

“ಲೊಟ್ಟೆ ಎಂತಕೆ? ನೆಗೆ ಬಂದಪ್ಪಗಳೇ ಪಟ ತೆಗವದು. ಬೆಂಚಿಲ್ಲಿ ಕೂಪಗ ಆರೂ ತೆಗೆತ್ತವಿಲ್ಲೆ. ನೀನು ಕಣ್ಣನೀರು ಹಾಕೆಡ. ಬಪ್ಪದಾದರೆ ಬಾ, ಮಧ್ಯಾಹ್ನ ಎರಡು ಗಂಟೆಗೆ ಮಾಂತ್ರ ಬೇಡ, ಎಂಗೊಗೆ ಕೇರಂ ಇದ್ದು.”

ಫೋನು ಮಡಗುವಗ ಮುಕ್ಕಾಲು ಗಂಟೆ ಕಳುದ್ದು.

ಬಪ್ಪ ಶುಕ್ರವಾರ ಇರುಳಾಣ ಬಸ್ಸಿಂಗೆ ಟಿಕೇಟು ಮಾಡಿದ್ದೆ. ಅಲ್ಲಿ ತಂಬ್ಳಿ ಸಿಕ್ಕುತ್ತಿಲ್ಲೆಡ, ಹಾಂಗೆ ಒಣಗ್ಸಿದ ಕೊಡಗಸನ ಹೂಗು ಕಟ್ಟಿ ಮಡಗಿದ್ದೆ, ಹಲಸಿನ ಹಪ್ಪಳವೂ ಇದ್ದು. ನಿಂಗಳ ಪೈಕಿ ಆರಾದರೂ ಹಾಂಗಿಪ್ಪ ಜಾಗೆಲಿ ಇದ್ದರೆ, ಪಟ ನೋಡಿ ಸುಮ್ಮನೆ ಕೂರೆಡಿ. ಐದು ಗಂಟೆಗೆ ಒಂದರಿ ಗೇಟಿನ ಹತ್ರೆ ಹೋಗಿ ನಿಲ್ಲಿ.