ಕೋಣಗಳ ಹೆಸರು

ಹೈದರಾಬಾದಿನಲ್ಲಿ ಕಂಬಳವೆಂದರೆ ಏನೆಂದು ತಿಳಿಸಿಹೇಳುವುದು ಸುಲಭದ ಕೆಲಸವಲ್ಲ. ನಮ್ಮ ಕಚೇರಿಯ ತೆಲುಗು ಮಿತ್ರರೊಬ್ಬರು ಅದನ್ನು ಬಹಳ ದಿನ ಕಂಬಳಿಯ ಸಂತೆಯೆಂದೇ ಭಾವಿಸಿದ್ದರು. ಕೋಣಗಳ ಓಟವೆಂದು ಬಿಡಿಸಿ ಹೇಳಿದ ಮೇಲೆ, "ಹಾಗಾದರೆ ನಮ್ಮ ಸದರ್ ಹಬ್ಬವೇ!" ಎಂದರು. ದೀಪಾವಳಿ ಕಳೆದೊಡನೆ ನಾರಾಯಣಗೂಡದಲ್ಲಿ ಯಾದವರು ಕೋಣಗಳಿಗೆ ಹೂವು ಮುಡಿಸಿ ಮೆರೆಸುವುದನ್ನು ಕೂಕಟ್‌ಪಲ್ಲಿಯ ನಮ್ಮ ಬಾಂಧವರಲ್ಲಿ ಹಲವರು ನೋಡಿರಬಹುದು. ಅಲ್ಲಿ ಕೋಣ ಮೆರೆಯುತ್ತದೆ, ನಮ್ಮಲ್ಲಿ ಓಡುತ್ತದೆ. ಆಂಧ್ರದಲ್ಲಿ ಸಂಕ್ರಾಂತಿಯ ಹೊತ್ತಿಗೆ ಎತ್ತುಗಳಿಂದ ಕಲ್ಲುಬಂಡೆ ಎಳೆಸುವ ಪಂದ್ಯವುಂಟು. ಅದು ಬಲದ ಪರೀಕ್ಷೆ, ನಮ್ಮದು ವೇಗದ್ದು.

ಹೂಡಿದ ಪ್ರಾಣಿಯ ವೇಗವನ್ನು ಅಳೆಯುವ ಚಟ ತುಳುನಾಡಿನವರಿಗೆ ಮಾತ್ರವಿಲ್ಲ. ಅಮೆರಿಕದಲ್ಲಿ ಎರಡು ಗಾಲಿಯ ಹಗುರವಾದ ಗಾಡಿಗೆ ಕುದುರೆಯನ್ನು ಕಟ್ಟಿ ಓಡಿಸುತ್ತಾರೆ. ನಾಗಾಲೋಟ ಕೂಡದು, ಕುದುರೆ ಹೆಜ್ಜೆ ತಪ್ಪಿದರೆ ಸಾರಥಿ ಅದನ್ನು ಹಿಡಿದು ಸರಿಪಡಿಸಬೇಕು. 1845ರಲ್ಲಿ 'ಲೇಡಿ ಸಫೋಕ್' ಎಂಬ ಹೆಣ್ಣು ಕುದುರೆ ಒಂದು ಮೈಲಿಯನ್ನು ಎರಡೂವರೆ ನಿಮಿಷದೊಳಗೆ ಮುಗಿಸಿತು. 1905ರಲ್ಲಿ 'ಡ್ಯಾನ್ ಪ್ಯಾಚ್' ಅದೇ ಮೈಲಿಗೆ ತೆಗೆದುಕೊಂಡದ್ದು 1 ನಿಮಿಷ 55¼ ಸೆಕೆಂಡು. ಅದರ ಹೆಸರಿನಲ್ಲಿ ಹೊಗೆಸೊಪ್ಪು ಮಾರಿದರು, ಬಟ್ಟೆ ಒಗೆಯುವ ಯಂತ್ರ ಮಾರಿದರು. ಹಿಂದೆ ಕುಳಿತ ಸಾರಥಿಯ ಹೆಸರನ್ನು ಇಂದು ಎಷ್ಟು ಜನ ಬಲ್ಲರು?

ನಮ್ಮಲ್ಲಿ ಇದು ತಲೆಕೆಳಗಾಯಿತು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಮುಟ್ಟಿದರು. ಯಾರೋ ಲೆಕ್ಕ ಹಾಕಿ, ನೂರು ಮೀಟರಿಗೆ 9.55 ಎಂದರು. ಉಸೇನ್ ಬೋಲ್ಟನದು 9.58! ದೇಶವೆಲ್ಲ ಹುಚ್ಚೆದ್ದಿತು, ಕೇಂದ್ರದ ಕ್ರೀಡಾ ಮಂತ್ರಿಗಳು ಪರೀಕ್ಷೆಗೆ ಕರೆದರು. ಗೌಡರು ಹೋಗಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಅಲ್ಲಿ ಬೆರಳತುದಿಯ ಕೆಲಸ, ಎರಡೂ ಬೇರೆ ಎಂಬರ್ಥದ ಮಾತು ಹೇಳಿದರು. ಇಷ್ಟು ವಿವೇಕದ ಉತ್ತರ ಆ ಗದ್ದಲದಲ್ಲಿ ಇನ್ನೊಂದು ಕೇಳಿಬರಲಿಲ್ಲ. ಅದೇ ತಿಂಗಳಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ ಶೆಟ್ಟರು ಲೆಕ್ಕವನ್ನು 9.51ಕ್ಕೆ ಇಳಿಸಿದರು. ಹಗ್ಗ ಹಿಡಿದವನನ್ನು ಎರಡು ಕೋಣಗಳು ಎಳೆದೊಯ್ಯುತ್ತವೆ ಎಂಬುದನ್ನು ಮಾತ್ರ ಯಾವ ಪತ್ರಿಕೆಯೂ ದಪ್ಪಕ್ಷರದಲ್ಲಿ ಹಾಕಲಿಲ್ಲ.

ಕಂಬಳವೆಂದರೆ ಬರೀ ಗಡಿಯಾರವೂ ಅಲ್ಲ. ಹಗ್ಗದ ಓಟ, ನೇಗಿಲಿನ ಓಟ, ಅಡ್ಡ ಹಲಗೆ ಇವೆಲ್ಲ ವೇಗದವು. ಕನೆ ಹಲಗೆಯ ಸೊಗಸೇ ಬೇರೆ. ಓಡಿಸುವವನು ತೂತಿರುವ ಹಲಗೆಯ ಮೇಲೆ ನಿಲ್ಲುತ್ತಾನೆ. ಕೋಣಗಳು ಎಳೆದಂತೆಲ್ಲ ತೂತಿನಿಂದ ಕೆಸರುನೀರು ಕಾರಂಜಿಯಂತೆ ಚಿಮ್ಮುತ್ತದೆ. ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ನಿಶಾನೆ ಕಟ್ಟಿರುತ್ತಾರೆ. ನೀರು ಅದನ್ನು ಮುಟ್ಟಿದರೆ ಗೆಲುವು. ಮೊದಲು ಯಾರು ಬಂದರೆಂದು ಕೇಳುವವರೇ ಇಲ್ಲ.

ನನ್ನ ಸೋದರಮಾವನ ಹಟ್ಟಿಯಲ್ಲಿ ಒಂದು ಜೊತೆ ಓಟದ ಕೋಣಗಳಿದ್ದವು, ರಾಜ ಮತ್ತು ಕುಟ್ಟಿ. ಬೇಯಿಸಿದ ಹುರುಳಿ, ಎಣ್ಣೆಯ ನೀವಿಕೆ, ಕೆರೆಯಲ್ಲಿ ಈಜು. ಮಕ್ಕಳಾದ ನಮಗೂ ಅಷ್ಟು ಉಪಚಾರವಿರಲಿಲ್ಲವೆಂದು ಅತ್ತೆ ಹಾಸ್ಯ ಮಾಡುತ್ತಿದ್ದರು. ಆದರೂ ಓಟದ ದಿನ ಅವುಗಳ ಬೆನ್ನ ಮೇಲೆ ಬೆತ್ತದ ಬರೆಗಳನ್ನು ನಾನು ಕಂಡಿದ್ದೇನೆ. ಅದನ್ನು ಮುಚ್ಚಿಟ್ಟು ಹೊಗಳಲು ನನಗೆ ಮನಸ್ಸಿಲ್ಲ. ಪ್ರಾಣಿದಯೆಯವರು ಕೋರ್ಟಿಗೆ ಹೋದದ್ದು ಸುಮ್ಮನೆ ಅಲ್ಲ.

2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನೂ ಎತ್ತಿನ ಗಾಡಿ ಓಟವನ್ನೂ ತಡೆಯಿತು. 2016ರ ನವೆಂಬರಿನಲ್ಲಿ ಹೈಕೋರ್ಟು ಕಂಬಳವನ್ನು ನಿಲ್ಲಿಸಿತು. ಆ ಚಳಿಗಾಲ ಕರೆಯಲ್ಲಿ ನೀರಿತ್ತು, ಓಟವಿರಲಿಲ್ಲ. ಹುರುಳಿಯ ಖರ್ಚಿಗೆ ಯಾವ ತಡೆಯಾಜ್ಞೆಯೂ ಇಲ್ಲವಲ್ಲ! ಮಾವ ನಾಲ್ಕು ತಿಂಗಳು ತಾಳಿಕೊಂಡು, ಕೊನೆಗೆ ಜೊತೆಯನ್ನು ದೂರದ ಊರಿನವರೊಬ್ಬರಿಗೆ ಕೊಟ್ಟುಬಿಟ್ಟರು. ಅದೇ ವರ್ಷದ ಜುಲೈಯಲ್ಲಿ ಸುಗ್ರೀವಾಜ್ಞೆ ಬಂತು, ಓಟ ಮತ್ತೆ ಶುರುವಾಯಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ರಾಜ್ಯದ ತಿದ್ದುಪಡಿ ಕಾನೂನನ್ನು ಎತ್ತಿಹಿಡಿದರು. ಕಡತದ ಮಟ್ಟಿಗೆ ವಿಷಯ ಇತ್ಯರ್ಥವಾಯಿತು. ಮಾವನ ಹಟ್ಟಿ ಮಾತ್ರ ಹಾಗೆಯೇ ಖಾಲಿ.

ಆ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳವಾಯಿತು. ರಾತ್ರಿಯ ಬಸ್ಸು ಹಿಡಿದು ಮಗನನ್ನು ಕರೆದೊಯ್ದೆ. ಮಾವನೂ ಊರಿನಿಂದ ಬಂದಿದ್ದರು. ಧ್ವನಿವರ್ಧಕದಲ್ಲಿ ಊರಿನ ಹೆಸರು, ಯಜಮಾನರ ಹೆಸರು, ಓಡಿಸಿದವರ ಹೆಸರು ಬರುತ್ತಲೇ ಇದ್ದವು. ಕೂಕಟ್‌ಪಲ್ಲಿಯಲ್ಲಿ ಹುಟ್ಟಿ, ತೆಲುಗು ಬೆರಸಿ ಮಾತಾಡುವ ಹುಡುಗ ಕೇಳಿದ:

"ಅಪ್ಪಾ, ಕೋಣಗಳ ಹೆಸರು ಯಾಕೆ ಹೇಳುವುದಿಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಮಾವ ಅವನ ಕೈ ಹಿಡಿದು, "ಬಾ ಮಗಾ, ಅವರನ್ನೇ ಕೇಳೋಣ" ಎಂದು ಕೋಣಗಳನ್ನು ಕಟ್ಟಿದ್ದ ಕಡೆಗೆ ಹೊರಟರು. ಮರಳಿ ಬರಲು ಒಂದು ಗಂಟೆ ಹಿಡಿಯಿತು. ಹುಡುಗನ ಅಂಗೈಯೆಲ್ಲ ಎಣ್ಣೆ, ಬಾಯಲ್ಲಿ ಹನ್ನೊಂದು ಹೆಸರು. ಬಸ್ಸು ಕರ್ನೂಲು ದಾಟುವವರೆಗೂ ಎಣಿಸುತ್ತಲೇ ಇದ್ದ. ಅದರಲ್ಲಿ ಒಂದು ಕುಟ್ಟಿ. ಅದು ನಮ್ಮ ಕುಟ್ಟಿಯಲ್ಲ, ಬೇರೆ. ನಾನು ಮಾವನನ್ನು ಕೇಳಿ ಖಚಿತಪಡಿಸಿಕೊಂಡೆ.