ಬಾರದೇ ಹೋದ ಎಂಜಿನ್ನು

ಪುಣೆಯ ಎರಂಡವಣೆಯಲ್ಲಿ ಕಮಲಾ ನೆಹರು ಪಾರ್ಕ್ ಇದೆ. ಪ್ರಭಾತ್ ರಸ್ತೆಯ ಕಡೆ ಓಡಾಡುವವರಿಗೆಲ್ಲ ಗೊತ್ತು. ಸಂಜೆಯಾದರೆ ಮಕ್ಕಳ ಗಲಾಟೆ, ಬೆಂಚುಗಳ ಮೇಲೆ ಅಜ್ಜ ಅಜ್ಜಿಯರು, ಹೊರಗೆ ಭೇಳ್ ಗಾಡಿಗಳು. ಆ ಪಾರ್ಕಿನಲ್ಲಿ ಒಂದು ಯುದ್ಧವಿಮಾನ ನಿಂತಿದೆ. ಅದು ಬೆಂಗಳೂರಿನದು. ಎಚ್‌ಎಫ್-24 ಮಾರುತ. ನಾನು ಈ ಊರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು, ನೂರಾರು ಸಲ ಅದರ ಮುಂದೆ ಹಾದುಹೋಗಿದ್ದೇನೆ. ಅಪ್ಪನಿಗೆ ಮಾತ್ರ ಅದು ಇಲ್ಲಿದೆ ಎಂದು ಹೇಳಿರಲಿಲ್ಲ.

ಹೇಳದೇ ಇರುವುದಕ್ಕೆ ಕಾರಣ ಇತ್ತು.

ಅಪ್ಪ ಮಾಲೂರು ಕಡೆಯ ಹಳ್ಳಿಯವರು. 1966ರಲ್ಲಿ, ಇಪ್ಪತ್ತನೇ ವಯಸ್ಸಿಗೆ, ಎಚ್‌ಎಎಲ್‌ಗೆ ಅಪ್ರೆಂಟಿಸ್ ಆಗಿ ಸೇರಿದರು. ಶೀಟ್ ಮೆಟಲ್ ಕೆಲಸ. ವಿಮಾನದ ಒಡಲಿನ ಹಿಂಭಾಗಕ್ಕೆ ಅಲ್ಯೂಮಿನಿಯಂ ತಗಡು ಹೊಂದಿಸಿ ರಿವೆಟ್ ಹೊಡೆಯುವುದು. ನಮ್ಮ ಮನೆಯಲ್ಲಿ ಎಚ್‌ಎಎಲ್ ಎಂಬ ಪದ ಯಾರೂ ಬಳಸುತ್ತಿರಲಿಲ್ಲ, ‘ಫ್ಯಾಕ್ಟ್ರಿ’ ಅಂದರೆ ಅದೊಂದೇ. ಮಾರತ್ತಹಳ್ಳಿಗೆ ಆ ಹೆಸರು ಬಂದದ್ದೇ ಮಾರುತ ವಿಮಾನದಿಂದ ಎಂಬ ಕತೆಯನ್ನು ನಾನು ಸ್ಕೂಲಿನಿಂದ ಹೊತ್ತು ತಂದಾಗ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ಊರು ನಮ್ಮ ಫ್ಯಾಕ್ಟ್ರಿಗಿಂತ ಹಳೇದು ಕಣೋ, ಅಂದಿದ್ದರು.

1995ರಲ್ಲಿ ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಎರಡನೇ ವರ್ಷ. ನಾಲ್ಕು ಪುಸ್ತಕ ಓದಿದ ಕೊಬ್ಬು. ಒಂದು ರಾತ್ರಿ ಊಟಕ್ಕೆ ಕೂತಾಗ, ಏನು ಮಾತು ಬಂದಿತ್ತೋ ನೆನಪಿಲ್ಲ, “ಅಪ್ಪ, ನಿಮ್ಮ ಮಾರುತ ಫೇಲ್ ಅಲ್ವಾ? ಶಬ್ದದ ಎರಡರಷ್ಟು ವೇಗ ಅಂತ ಹೊರಟು ಒಂದಕ್ಕೇ ಸುಸ್ತಾಯ್ತಂತೆ” ಅಂದೆ. ಅಮ್ಮ ನನ್ನ ಕಡೆ ನೋಡಿದಳು. ಅಪ್ಪ ಏನೂ ಹೇಳಲಿಲ್ಲ. ಮಜ್ಜಿಗೆ ಅನ್ನ ಮುಗಿಸಿ ಕೈ ತೊಳೆದು ಹೊರಗೆ ಹೋಗಿ ಕೂತರು. ಅವತ್ತಿನಿಂದ ನನ್ನ ಹತ್ತಿರ ವಿಮಾನದ ಮಾತೆತ್ತಲಿಲ್ಲ. ಜಗಳವಿಲ್ಲ, ಮುನಿಸಿಲ್ಲ, ಫೀಸು ಕಟ್ಟಿದರು, ನನ್ನ ಮದುವೆ ಮಾಡಿದರು. ಆ ಒಂದು ವಿಷಯ ಮಾತ್ರ ನಮ್ಮ ಮಧ್ಯೆ ಮುಚ್ಚಿಹೋಯಿತು.

ನನ್ನ ಕೊಬ್ಬು ಇಳಿದದ್ದು ಪುಣೆಯಲ್ಲಿ. ನಾನಿದ್ದ ಕಂಪನಿಯಲ್ಲಿ ಏಳೆಂಟು ಜನ ಸೇರಿ ನಾಲ್ಕು ವರ್ಷ ಒಂದು ಗೇರ್‌ಬಾಕ್ಸ್ ರೂಪಿಸಿದೆವು. ಯಾವ ಎಂಜಿನ್ನಿಗೆಂದು ಅದನ್ನು ಮಾಡಿದ್ದೆವೋ ಆ ಎಂಜಿನ್ನನ್ನು ಹೊರದೇಶದವರು ಕೈಬಿಟ್ಟರು. ಒಂದು ಶುಕ್ರವಾರ ಮಧ್ಯಾಹ್ನದ ಮೀಟಿಂಗಿನಲ್ಲಿ, ಹದಿನೈದು ನಿಮಿಷದಲ್ಲಿ, ನಮ್ಮ ಕೆಲಸ ಮುಗಿಯಿತು. ಆ ರಾತ್ರಿ ನಿದ್ದೆ ಬರಲಿಲ್ಲ. ನೆನಪಾದದ್ದು ಮಜ್ಜಿಗೆ ಅನ್ನದ ತಟ್ಟೆ. ಆಮೇಲೆ ನಾನು ಮಾರುತದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಹಾಗೇ ಹಳೆಯ ವಿಮಾನಗಳ ಹುಚ್ಚಿರುವ ನಾಲ್ಕೈದು ಗೆಳೆಯರೂ ಸಿಕ್ಕರು. ಭಾನುವಾರ ಬೆಳಗ್ಗೆ ಚಹಾ ಕುಡಿಯುತ್ತಾ ಕೂರುತ್ತೇವೆ. ಒಬ್ಬನಿಗೆ ಹಂಟರ್ ಅಂದರೆ ಪ್ರಾಣ, ಇನ್ನೊಬ್ಬನಿಗೆ ಕ್ಯಾನ್‌ಬೆರಾ. ನಮ್ಮಂಥವರ ಚಾಳಿಯೊಂದಿದೆ: ವೇಗ, ತೂಕ, ನೂಕುಬಲ ಎಲ್ಲ ಬಾಯಲ್ಲೇ ಇರುತ್ತದೆ, ಆದರೆ ಅದನ್ನು ಮಾಡಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಗುಂಪಿನಲ್ಲಿ ಒಬ್ಬರು ಮಾತ್ರ ಬೇರೆ. ಅವರು ವಾಯುಪಡೆಯ ನಿವೃತ್ತ ಫಿಟ್ಟರ್, ನಾಗಪುರದ ಮರಾಠಿಗರು. ತರಬೇತಿ ಜಾಲಹಳ್ಳಿಯಲ್ಲಿ ಆಗಿದ್ದರಿಂದ ಹರಕು ಮುರಕು ಕನ್ನಡ ಬರುತ್ತದೆ. 1971ರಲ್ಲಿ ರಾಜಸ್ಥಾನದಲ್ಲಿ ಇದೇ ವಿಮಾನಕ್ಕೆ ತೇಪೆ ಹಾಕಿದವರು.

ಕಳೆದ ಡಿಸೆಂಬರಿನಲ್ಲಿ ಅಪ್ಪ ಬಂದರು. ಅಮ್ಮ ಹೋದ ಮೇಲೆ ಮೊದಲ ಸಲ. ಎಪ್ಪತ್ತೊಂಬತ್ತು ವಯಸ್ಸು, ಸಕ್ಕರೆ ಕಾಯಿಲೆ, ಆದರೂ ನಡಿಗೆ ಬಿಟ್ಟಿಲ್ಲ. ಎಷ್ಟು ದಿನ ಅಂತ ಆ ಪಾರ್ಕಿನ ದಾರಿ ತಪ್ಪಿಸುವುದು? ಫಿಟ್ಟರ್ ಕಾಕಾಗೆ ಫೋನ್ ಮಾಡಿ, ಒಂದು ಸಂಜೆ ಕರೆದುಕೊಂಡು ಹೋದೆ.

ಅಪ್ಪ ದೂರದಿಂದಲೇ ನೋಡಿ ನಿಂತುಬಿಟ್ಟರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಬಣ್ಣ ಸರಿಯಾಗಿಲ್ಲ” ಅಂದರು. ಮೊದಲ ಮಾತು ಅದು.

ಕಾಕಾ ಬಂದು ಕೈಮುಗಿದು, ನಾನು ಪರಿಚಯ ಹೇಳುವಷ್ಟರಲ್ಲೇ, “ಸಾರ್, ನೀವು ಹಿಂದ್‌ಗಡೆ ಮಾಡಿದ್ದು? ಅಲ್ಲಿ ಕೈ ಹೋಗೋದೇ ಇಲ್ಲ!” ಅಂದರು. ಅಷ್ಟೇ. ಮುಂದಿನ ಮುಕ್ಕಾಲು ಗಂಟೆ ನನಗೆ ಅಲ್ಲಿ ಕೆಲಸವಿರಲಿಲ್ಲ.

ಅವತ್ತು ಕೇಳಿದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ರಿವೆಟ್ ಅಂದರೆ ಇಬ್ಬರ ಕೆಲಸ. ಹೊರಗೆ ನಿಂತವನ ಕೈಯಲ್ಲಿ ಗಾಳಿಯಿಂದ ಓಡುವ ಗನ್ನು. ಒಳಗೆ ಮುದುಡಿಕೊಂಡು ಕೂತವನ ಕೈಯಲ್ಲಿ ಒಂದು ಉಕ್ಕಿನ ದಿಮ್ಮಿ, ಅದಕ್ಕೆ ಡಾಲಿ ಅನ್ನುತ್ತಾರೆ. ಹೊರಗಿನವನು ಹೊಡೆದಾಗ ಒಳಗಿನ ತುದಿ ಡಾಲಿಗೆ ಅಪ್ಪಳಿಸಿ ಹೂವಿನಂತೆ ಅರಳಬೇಕು. ಒಬ್ಬರಿಗೊಬ್ಬರು ಕಾಣುವುದಿಲ್ಲ, ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಹಾಗಾಗಿ ಒಳಗಿನವನು ತಗಡಿಗೆ ಒಂದು ಸಲ ತಟ್ಟಿದರೆ ಇನ್ನೂ ಸ್ವಲ್ಪ ಹೊಡಿ ಅಂತ, ಎರಡು ಸಲ ತಟ್ಟಿದರೆ ಸರಿಯಾಯಿತು, ಮುಂದಕ್ಕೆ ಹೋಗು ಅಂತ. ಅಪ್ಪ ಮೊದಲ ಎರಡು ವರ್ಷ ಒಳಗಿನವರು. ಸಣಕಲು ಮೈ ಅಂತ ಅಲ್ಲಿಗೆ ಹಾಕಿದ್ದರಂತೆ.

ಹೊರಗೆ ರಿವೆಟ್ಟಿನ ತಲೆ ತಗಡಿನ ಮಟ್ಟಕ್ಕೆ ಸಮನಾಗಿ ಕೂರಬೇಕು, ಬೆರಳು ಸವರಿದರೆ ಗೊತ್ತಾಗಬಾರದು. ಸ್ವಲ್ಪ ಎದ್ದು ನಿಂತರೂ ಗಾಳಿಗೆ ತಡೆ. ಈ ವಿಮಾನದ ಒಡಲು ಬೇರೆ ಉದ್ದಕ್ಕೂ ಒಂದೇ ಗಾತ್ರದ್ದಲ್ಲ. ಶಬ್ದದ ವೇಗದ ಹತ್ತಿರ ಹೋದಾಗ ರೆಕ್ಕೆ ಮತ್ತು ಒಡಲು ಎರಡೂ ಒಟ್ಟಿಗೆ ಗಾಳಿಯನ್ನು ತಳ್ಳುತ್ತವೆ. ಆದ್ದರಿಂದ ರೆಕ್ಕೆ ಇರುವ ಕಡೆ ಒಡಲನ್ನು ಸಣ್ಣ ಮಾಡಿ, ಒಟ್ಟು ಅಡ್ಡಗಾತ್ರ ಹಠಾತ್ತಾಗಿ ಏರದ ಹಾಗೆ ನೋಡಿಕೊಳ್ಳಬೇಕು. ಅದಕ್ಕೇ ಮಾರುತಕ್ಕೆ ಸೊಂಟವಿದೆ. ಅಪ್ಪನಿಗೆ ಈ ಸಿದ್ಧಾಂತ ಯಾರೂ ಹೇಳಿರಲಿಲ್ಲ, ಅದರ ತೊಂದರೆ ಮಾತ್ರ ಗೊತ್ತಿತ್ತು. “ಒಂದು ಕಡೆ ಬಾಗೋ ತಗಡು ಯಾರು ಬೇಕಾದ್ರೂ ಮಾಡ್ತಾರೆ. ಎರಡೂ ಕಡೆ ಬಾಗಬೇಕು ಅಂದ್ರೆ, ಇಡ್ಲಿ ತಟ್ಟೆ ಗುಳಿ ಇರುತ್ತಲ್ಲ ಹಾಗೆ, ತಗಡು ಮಾತು ಕೇಳಲ್ಲ” ಅಂದರು.

ಕಾಕಾ ಯುದ್ಧದ ಮಾತು ತೆಗೆದರು. ಹತ್ತನೇ ಮತ್ತು 220ನೇ ಸ್ಕ್ವಾಡ್ರನ್ನುಗಳು, ಜೋಧಪುರ, ಉತ್ತರಲಾಯಿ. ನೆಲದ ಗುಂಡು ತಿಂದು ಒಂದೇ ಎಂಜಿನ್ನಿನಲ್ಲಿ ವಾಪಸು ಬಂದ ವಿಮಾನಗಳು. 1971ರ ಡಿಸೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಕೆ.ಕೆ. ಬಕ್ಷಿ ಇದೇ ಮಾರುತದಿಂದ ಒಂದು ಸೇಬರ್ ವಿಮಾನವನ್ನು ಬೀಳಿಸಿದ್ದು ವಾಯುಪಡೆಯ ದಾಖಲೆಯಲ್ಲಿದೆ. ನೆಲದ ಮೇಲಿನ ಗುರಿ ಹೊಡೆಯಲು ಮಾಡಿದ ವಿಮಾನವಾಗಿ ಅದು ಚೆನ್ನಾಗಿಯೇ ದುಡಿಯಿತು. ಅಪ್ಪ ಇದನ್ನೆಲ್ಲ ಕತ್ತು ಒಂದು ಕಡೆ ವಾಲಿಸಿ ಕೇಳುತ್ತಿದ್ದರು. ನಡುವೆ ಒಮ್ಮೆ, “ದಾಸ್ ಸಾಹೇಬ್ರು ಹೋದ ದಿನ ನಾನು ಶಿಫ್ಟ್‌ನಲ್ಲಿದ್ದೆ” ಅಂದರು.

ಸುರಂಜನ್ ದಾಸ್. 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮಾರುತವನ್ನು ಮೊದಲ ಸಲ ಹಾರಿಸಿದವರು. 1970ರ ಜನವರಿ 10ರಂದು, ಆಫ್ಟರ್‌ಬರ್ನರ್ ಅಳವಡಿಸಿದ ಪರೀಕ್ಷಾ ಮಾರುತವನ್ನು ಮೇಲೇರಿಸುವಾಗಲೇ ತೀರಿಕೊಂಡರು. ಹಳೇ ಮದ್ರಾಸ್ ರಸ್ತೆ ಮತ್ತು ಹಳೇ ಏರ್‌ಪೋರ್ಟ್ ರಸ್ತೆಗಳನ್ನು ಸೇರಿಸುವ ಸುರಂಜನ್ ದಾಸ್ ರಸ್ತೆಯಲ್ಲಿ ನಿಮ್ಮಲ್ಲಿ ಎಷ್ಟೋ ಜನ ಟ್ರಾಫಿಕ್ಕಿಗೆ ಸಿಕ್ಕಿ ಬೈದುಕೊಂಡಿರುತ್ತೀರಿ. ಅದು ಅವರ ಹೆಸರು.

“ಅದು ನಮ್ಮ ಕಡೆ ಮಾಡಿದ್ದಲ್ಲ. ಆದ್ರೂ ಒಂದು ವಾರ ನಿದ್ದೆ ಇಲ್ಲ” ಅಂದರು ಅಪ್ಪ. “ಕಣ್ಣು ಮುಚ್ಚಿದ್ರೆ ಸಾಲು ಸಾಲು ರಿವೆಟ್ಟು. ಯಾವುದಾದ್ರೂ ಒಂದಕ್ಕೆ ಎರಡು ತಟ್ಟೋ ಕಡೆ ಸುಮ್ನೆ ತಟ್ಟಿಬಿಟ್ಟಿದ್ದೀನಾ ಅಂತ.”

ಕಾಕಾ ಮೊಮ್ಮಗಳನ್ನು ಕ್ಲಾಸಿನಿಂದ ಕರೆತರಬೇಕೆಂದು ಹೊರಟರು. ಬೆಂಚಿನ ಮೇಲೆ ನಾವಿಬ್ಬರೇ ಉಳಿದೆವು. ಮೂವತ್ತು ವರ್ಷದಿಂದ ಗಂಟಲಲ್ಲಿದ್ದ ಮಾತು, ಹೇಗೋ ಆಡಿಬಿಟ್ಟೆ. “ಅಪ್ಪ, ಅವತ್ತು ನಾನು ಫೇಲ್ ಅಂದಿದ್ದು ತಪ್ಪಾಯ್ತು.”

ಅವರಿಗೆ ಯಾವತ್ತು ಎಂದು ಕೇಳುವ ಅಗತ್ಯ ಬೀಳಲಿಲ್ಲ. “ತಪ್ಪೇನಿಲ್ಲ. ಫೇಲೇ ತಾನೇ. ಬೇಜಾರಾಗಿದ್ದು ಅದಕ್ಕಲ್ಲ. ನೀನು ಇಂಜಿನಿಯರಿಂಗ್ ಸೇರ್ದಾಗ ನಿನ್ನ ಹತ್ರ ಒಂದು ಕೇಳ್ಬೇಕು ಅಂತ ಇಟ್ಕೊಂಡಿದ್ದೆ. ಎಂಜಿನ್ ಬರುತ್ತೆ, ಹೊಸ ಎಂಜಿನ್ ಬರುತ್ತೆ ಅಂತ ಶಾಪ್‌ನಲ್ಲಿ ಎಲ್ಲ ಮಾತಾಡ್ಕೊತಿದ್ರು. ಬರಲೇ ಇಲ್ಲ. ಯಾಕೆ ಬರ್ಲಿಲ್ಲ ಅಂತ ನಮ್ಮಂಥೋರಿಗೆ ಯಾರು ಹೇಳ್ತಾರೆ? ನಿನಗೆ ಗೊತ್ತಿರುತ್ತೆ ಅನ್ಕೊಂಡೆ. ನೀನು ಹಾಗಂದ್ಮೇಲೆ ಕೇಳೋಕೆ ಮನಸ್ಸಾಗ್ಲಿಲ್ಲ.”

ನಾನು ಹೇಳಿದೆ. ಕತ್ತಲಾಗುತ್ತಿತ್ತು, ಸೊಳ್ಳೆ ಕಚ್ಚುತ್ತಿದ್ದವು, ಆದರೂ ಮೊದಲಿನಿಂದ ಹೇಳಿದೆ.

ಫೋಕೆ-ವುಲ್ಫ್ 190 ಎಂಬ ಹೆಸರಾಂತ ವಿಮಾನ ರೂಪಿಸಿದ ಜರ್ಮನ್ ಕುರ್ಟ್ ಟ್ಯಾಂಕ್, ಯುದ್ಧ ಸೋತ ಮೇಲೆ ಅರ್ಜೆಂಟೀನಾಕ್ಕೆ ಹೋಗಿ, ಅಲ್ಲಿಂದ 1956ರಲ್ಲಿ ಬೆಂಗಳೂರಿಗೆ ಬಂದರು. ಅಲ್ಲಿಯವರೆಗೆ ನಮ್ಮವರು ಸ್ವಂತವಾಗಿ ರೂಪಿಸಿ ಹಾರಿಸಿ ಹೆಸರು ಮಾಡಿದ್ದು ವಿ.ಎಂ. ಘಾಟಗೆಯವರ ಎಚ್‌ಟಿ-2, ಮುಂದೆ ಫಂಕ ಇರುವ ತರಬೇತಿ ವಿಮಾನ. ಅಲ್ಲಿಂದ ವಾಯುಪಡೆ ಕೇಳಿದ್ದು ಶಬ್ದದ ಎರಡರಷ್ಟು ವೇಗದ ಜೆಟ್. ಮೊದಲು ಅದೇ ಆಕಾರದ, ಅದೇ ಗಾತ್ರದ ಮರದ ಗ್ಲೈಡರ್ ಮಾಡಿ, 1959ರಲ್ಲಿ ಡಕೋಟಾಕ್ಕೆ ಕಟ್ಟಿ ಎಳೆದು ಹಾರಿಸಿದರು, ಒಟ್ಟು 78 ಸಲ. “ಗೊತ್ತು, ದೊಡ್ಡೋರು ಹೇಳ್ತಿದ್ರು” ಅಂದರು ಅಪ್ಪ.

ವಿಮಾನವನ್ನು ಎಣಿಸಿದ್ದು ಬ್ರಿಟನ್ನಿನ ಆರ್ಫಿಯಸ್ 12 ಎಂಬ ಎಂಜಿನ್ನಿಗೆ. ಆಫ್ಟರ್‌ಬರ್ನರ್ ಅಂದರೆ ಎಂಜಿನ್ನಿನಿಂದ ಹೊರಬರುವ ಬಿಸಿಗಾಳಿಗೆ ಇನ್ನಷ್ಟು ಇಂಧನ ಸುರಿದು ಮತ್ತೆ ಉರಿಸುವುದು. ಅದರೊಂದಿಗೆ ಆ ಎಂಜಿನ್ ಒಂದೊಂದೂ ಸುಮಾರು 3,700 ಕಿಲೋ ನೂಕುಬಲ ಕೊಡಬೇಕಿತ್ತು. ಬ್ರಿಟಿಷರಿಗೆ ಅದು ಬೇಡವಾಯಿತು, ಹಣ ನಿಲ್ಲಿಸಿದರು. ಮುಂದುವರಿಸಬೇಕಾದರೆ ನೀವು ದುಡ್ಡು ಹಾಕಿ ಎಂದರು, ನಮ್ಮ ಸರ್ಕಾರ ಹಾಕಲಿಲ್ಲ. ಕೊನೆಗೆ ಕೂತದ್ದು ಆರ್ಫಿಯಸ್ 703, ಒಂದೊಂದಕ್ಕೆ 2,200 ಕಿಲೋ. ಅದೇ ಫ್ಯಾಕ್ಟ್ರಿಯಲ್ಲಿ ತಯಾರಾಗುತ್ತಿದ್ದ ಪುಟಾಣಿ ನ್ಯಾಟ್ ವಿಮಾನಕ್ಕೆ ಹೆಚ್ಚುಕಡಿಮೆ ಇಂಥದ್ದೇ ಒಂದು ಎಂಜಿನ್. ಅದರ ಖಾಲಿ ತೂಕವೂ ಸುಮಾರು 2,200 ಕಿಲೋ. ಮಾರುತದ ಖಾಲಿ ತೂಕ 6,200, ಎಂಜಿನ್ ಎರಡೇ.

ಆಮೇಲೆ ಸೋವಿಯತ್ ಎಂಜಿನ್ ನೋಡಿದರು. ಈಜಿಪ್ಟಿನಲ್ಲಿ ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್ ಮಾಡುತ್ತಿದ್ದ ಎಂಜಿನ್ನಿನ ಪರೀಕ್ಷೆಗೆಂದು ಒಂದು ಮಾರುತವನ್ನೇ ಕಳಿಸಿಕೊಟ್ಟರು. 1969ರಲ್ಲಿ ಈಜಿಪ್ಟ್ ತನ್ನ ಯುದ್ಧವಿಮಾನ ಯೋಜನೆ ಕೈಬಿಟ್ಟಿತು, ಆ ದಾರಿಯೂ ಮುಚ್ಚಿತು. 147 ವಿಮಾನಗಳಾದವು, ಎಲ್ಲ ಅದೇ 703ರ ಮೇಲೆ.

“ಅಂದ್ರೆ ಬಾಡಿ ಸರಿಯಾಗಿತ್ತು” ಅಂದರು ಅಪ್ಪ.

ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಎಪ್ಪತ್ತೊಂಬತ್ತು ವರ್ಷದ ಮನುಷ್ಯ, ಹೆಂಡತಿ ಹೋಗಿ ವರ್ಷವಾಗಿಲ್ಲ. ಆದರೆ ಪೂರ್ತಿ ನಿಜ ಅದಲ್ಲ. ಮಾರುತದ ಬಾಲದ ಕಡೆ ಗಾಳಿಯ ಎಳೆತ ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿ ಇತ್ತು. ಅಕ್ಕಪಕ್ಕದ ಎರಡು ಕೊಳವೆ, ಅವುಗಳ ಸುತ್ತ, ನಡುವೆ, ಹಿಂದಕ್ಕೆ ಮೊಂಡಾಗಿ ನಿಲ್ಲುವ ಜಾಗ. ಅಲ್ಲಿ ಗಾಳಿ ಸುಳಿದು ವಿಮಾನವನ್ನು ಹಿಂದಕ್ಕೆ ಜಗ್ಗುತ್ತದೆ. ದಾಸ್ ಅವರು ತೀರಿಕೊಂಡ ಮಾದರಿಯಲ್ಲಿ ಆಫ್ಟರ್‌ಬರ್ನರ್ ಹಿಡಿಸಲು ಆ ಭಾಗವನ್ನು ಇನ್ನಷ್ಟು ದಪ್ಪ ಮಾಡಬೇಕಾಯಿತು. ಹೆಚ್ಚಿದ ನೂಕುಬಲವನ್ನು ಹೆಚ್ಚಿದ ಎಳೆತ ತಿಂದುಹಾಕಿತು. ಅಪ್ಪ ಹನ್ನೊಂದು ವರ್ಷ ರಿವೆಟ್ ಹೊಡೆದದ್ದು ಆ ಹಿಂಭಾಗಕ್ಕೇ.

ನನ್ನ ಗೇರ್‌ಬಾಕ್ಸ್ ನೆನಪಾಯಿತು. ಎಂಜಿನ್ ಬರಲಿಲ್ಲ, ಇಲ್ಲದಿದ್ದರೆ ಅದ್ಭುತವಾಗಿತ್ತು ಎಂದು ನಾನೂ ಹತ್ತು ಜನರ ಹತ್ತಿರ ಹೇಳಿಕೊಂಡಿದ್ದೇನೆ. ಅದರ ಮೂರನೇ ಗೇರಿನ ಸದ್ದು ಕಡೆಯವರೆಗೂ ಸರಿಹೋಗಿರಲಿಲ್ಲ ಎಂದು ಒಬ್ಬರಿಗೂ ಹೇಳಿಲ್ಲ.

“ಪೂರ್ತಿ ಸರಿ ಇರ್ಲಿಲ್ಲ ಅಪ್ಪ” ಅಂದೆ. ಬಾಲದ ವಿಷಯ ಹೇಳಿದೆ. ಅಂಗೈಯಲ್ಲಿ ಬೆರಳಿನಿಂದ ಎರಡು ಸೊನ್ನೆ ಬರೆದು ತೋರಿಸಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಡ್ರಾಯಿಂಗ್‌ನಲ್ಲಿದ್ದ ಹಾಗೇ ಮಾಡಿದ್ವಿ” ಅಂದರು. ಸಮಜಾಯಿಷಿಯ ದನಿ ಅಲ್ಲ ಅದು, ನೆನಪು ಮಾಡಿಕೊಳ್ಳುವ ದನಿ. “ನಡುವೆ ಒಂದು ಗೇಣು ಇರ್ತಿತ್ತು ಅನ್ಸುತ್ತೆ. ಬಾ, ನೋಡೋಣ.”

ಮಂಡಿ ಹಿಡಿದು ಎದ್ದರು. ಲೈಟು ಆ ಕಡೆ ಸರಿಯಾಗಿ ಬೀಳುತ್ತಿರಲಿಲ್ಲ. ನಾನು ಫೋನಿನ ಟಾರ್ಚ್ ಹಾಕಿ ಹಿಡಿದೆ. ವಿಮಾನದ ಹಿಂದೆ ನಿಂತು ಅಪ್ಪ ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಹೆಬ್ಬೆರಳು ಕಿರುಬೆರಳು ಅಗಲಿಸಿ ದೂರದಿಂದಲೇ ಅಳೆದರು. “ಇನ್ನೂ ಸ್ವಲ್ಪ ಮೇಲೆ ಹಿಡಿ” ಅಂದರು. ವಾಚ್‌ಮನ್ ಸೀಟಿ ಊದುತ್ತಿದ್ದ. ನಾನು ಹಿಡಿದೇ ಇದ್ದೆ.